ಗಂಟಿಲ್ಲದ ದಾರ

ಮಲಪ್ರಭೆಯ ದಡದ ಮೇಲೆ ಒಂದು ಗುರುಮನೆ. ಅಲ್ಲಿ ಕಲಿಸುವುದು ಒಂದೇ ವಿದ್ಯೆ, ಸಂಖ್ಯೆಗಳಿಂದ ಬೀಗ ಮಾಡುವುದು.

ಗುರುಗಳ ಹೆಸರು ಗುರುಪಾದಯ್ಯ. ಆ ಸೀಮೆಯ ವಾಡಿಕೆಯಂತೆ ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರಿಗೆ ಕಣ್ಣು ಕಾಣದು. ಹಾಗಾಗಿ ಬೀಗದ ಗುಟ್ಟನ್ನು ಅಲ್ಲಿ ಯಾರೂ ಬರೆದಿಡುವುದಿಲ್ಲ, ಹತ್ತಿಯ ದಾರಕ್ಕೆ ಗಂಟು ಹಾಕಿ ಇಡುತ್ತಾರೆ. ಅಜ್ಜಾರು ಬೆರಳಾಡಿಸಿ ಓದುತ್ತಾರೆ. ತಪ್ಪಿದ್ದರೆ ಅದೇ ಗಂಟನ್ನು ಹಿಡಿದು, "ಇಲ್ಲಿ ಎಡವೀದಿ ನೋಡು" ಎನ್ನುತ್ತಾರೆ. ಅವರ ಬೆರಳು ಮುಟ್ಟದ ಒಂದು ದಾರವೂ ಈವರೆಗೆ ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ಸಂಜೆ ಬಸ್ಸಿಳಿದು ಬಂದ ನೀಲಾಂಬಿಕೆ ಆ ಹೊಸ್ತಿಲ ಮುಂದೆ ನಿಂತಳು. ಒಳಗೆ ಹೋಗಲು ಅವಳಿಗೆ ಮುಖವಿರಲಿಲ್ಲ.

ಅವಳು ಹಿರಿಯ ಶಿಷ್ಯೆ. ಪಟ್ಟಣದಲ್ಲಿ ಗಲಗಲಿ ಸಾಹೇಬರು ಎಂಬ ದೊಡ್ಡ ವಿದ್ವಾಂಸರು ಒಂದು ಕ್ವಾಂಟಮ್ ಕಂಪ್ಯೂಟರ್ ಕಟ್ಟಿದ್ದರು. ಅದು ನಿಜವಾದದ್ದೋ, ಹಳೆಯ ಕಂಪ್ಯೂಟರಿಗೆ ಹೊಸ ಅಂಗಿ ತೊಡಿಸಿದ್ದೋ ಹೇಳುವವರು ಬೇಕಿತ್ತು. ಒಳಗೆ ಇಣುಕಿ ನೋಡುವಂತಿಲ್ಲ, ಇಣುಕಿದರೆ ಒಳಗಿನ ಆಟ ಕೆಡುತ್ತದೆ. ಹೊರಗೆ ಕೂತು ಪ್ರಶ್ನೆ ಕೇಳಿಯೇ ತಿಳಿಯಬೇಕು. ಕಾಣದ್ದನ್ನು ಪರೀಕ್ಷಿಸಲು ಕಣ್ಣಿಲ್ಲದವರ ಮನೆಯವರೇ ಸರಿ ಎಂದು ಜನ ನಗುತ್ತಿದ್ದರು. ನಗುತ್ತಲೇ ನಂಬುತ್ತಿದ್ದರು. ಅಜ್ಜಾರು ನೀಲಾಂಬಿಕೆಯನ್ನು ಕಳಿಸಿದ್ದರು.

ಕಡೆಗೆ ಒಳಗೆ ಕಾಲಿಟ್ಟಳು. ಅಜ್ಜಾರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು.

"ಯಾರು, ನೀಲವ್ವನ?"

"ಹೌದ್ರಿ ಅಜ್ಜಾರ."

"ಹೆಜ್ಜಿ ಭಾರ ಆಗ್ಯಾವಲ್ಲ. ಪಟ್ಟಣದಾಗ ಊಟ ಜೋರಾತೇನು?"

"ಬಸ್ಸಿನ್ಯಾಗ ಕೂತು ಕಾಲು ಜೋಮು ಹಿಡಿದಾವ್ರಿ."

ಗುರುಗಳಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಸಣ್ಣದೇ.

"ಯಂತ್ರ ಏನಂತು?"

"ಎಲ್ಲಾ ಪ್ರಶ್ನಿಗೂ ಬರೋಬ್ಬರಿ ಉತ್ತರ ಕೊಡ್ತುರಿ."

"ನೀ ಏನಂದಿ?"

"ಸಭಾದಾಗ ನಿಂತು ಖರೇ ಯಂತ್ರ ಐತಿ ಅಂದೆನ್ರಿ."

"ಹಂಗಾರ ಶಾಲು ಹೊದಿಸಿರಬೇಕಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀಲಾಂಬಿಕೆಯ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಶಾಲು ಅಲ್ಲಿರಲಿಲ್ಲ, ಚೀಲದ ತಳದಲ್ಲಿತ್ತು. ಅಜ್ಜಾರಿಗೆ ತನ್ನ ಕೈ ಕಾಣಿಸಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನವಾಯಿತು, ಮರುಕ್ಷಣವೇ ಆ ಸಮಾಧಾನಕ್ಕೆ ನಾಚಿಕೆಯಾಯಿತು.

"ಹೊದಿಸಿದ್ರುರಿ."

"ಕೊಡಿಲ್ಲೆ. ನಾನೂ ಮುಟ್ಟಿ ನೋಡ್ತೀನಿ."

ಅವಳು ತೆಗೆದುಕೊಟ್ಟಳು. ಅಜ್ಜಾರು ಅಂಚಿನಿಂದ ಅಂಚಿಗೆ ಸವರಿದರು.

"ಜರಿ ಭಾರಿ ಐತಿ. ಇಂಥಾದ್ದನ್ನ ಯಾಕ ಹಿಂಗ ಮುದ್ದಿ ಮಾಡಿ ಇಟ್ಟೀದಿ?"

ಅವಳು ಚೀಲದ ಬಾಯಿ ಬಿಗಿಯತೊಡಗಿದಳು.

"ಇರ್ಲಿ. ದಾರ ತಾ."

ಹೊರಡುವಾಗ ಅಜ್ಜಾರು ಎರಡು ದಾರ ಕೊಟ್ಟಿದ್ದರು. ಒಂದರಲ್ಲಿ ಅವಳೇ ಹಾಕಿ, ಅವರು ಓದಿ ಒಪ್ಪಿದ ಬೀಗದ ಗುಟ್ಟಿನ ಗಂಟುಗಳು. ಇನ್ನೊಂದು ಖಾಲಿ. ಗುರುಮನೆಯ ಕಟ್ಟಳೆ ಇದು: ಗುಟ್ಟು ಚೂರೇ ಚೂರು ಹೊರಬಿದ್ದರೂ ಅಂದೇ ಆ ದಾರದ ಗಂಟು ಬಿಚ್ಚಿ ಹೊಳೆಗೆ ಬಿಡಬೇಕು. ಖಾಲಿ ದಾರಕ್ಕೆ ಹೊಸ ಗಂಟು ಹಾಕಬೇಕು, ಹೊಸ ಬೀಗ ಮಾಡಬೇಕು, ಪರೀಕ್ಷೆಯನ್ನು ಮೊದಲಿನಿಂದ ಶುರುಮಾಡಬೇಕು.

ಅಜ್ಜಾರು ಮೊದಲ ದಾರವನ್ನು ಓದಿದರು. "ಎಲ್ಲಾ ಗಂಟು ಹಾಂಗ ಅದಾವು." ಎರಡನೆಯದನ್ನು ತುದಿಯಿಂದ ತುದಿಗೆ ಎಳೆದರು. "ಇದರಾಗ ಒಂದೂ ಇಲ್ಲ. ಅಂದ್ರ ಗುಟ್ಟು ಎಲ್ಲೂ ಬೀಳಲಿಲ್ಲ."

ಎರಡೂ ದಾರಗಳು ಅವಳ ಪರವಾಗಿಯೇ ಸಾಕ್ಷಿ ಹೇಳಿದವು. ಇನ್ನು ಅವಳು 'ಇಲ್ರಿ' ಎಂದರೆ ಮುಗಿಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ.

"ಇಲ್ರಿ" ಎಂದಳು.

"ಚಲೋ ಆತು. ಯಂತ್ರ ಒಂದು ಸಲನೂ ತಪ್ಪಲಿಲ್ಲೇನು?"

"ಕಡೀ ದಿನ ಒಂದೂ ತಪ್ಪಿಲ್ರಿ."

"ಒಂದೂ?"

"ಒಂದೂ."

"ಅಬ್ಬಬ್ಬಾ!" ಅಜ್ಜಾರು ನಕ್ಕರು. "ನಾ ಮುದುಕ ಆಗೋತನಕ ಲೆಕ್ಕ ಕಲಿಸೀನಿ. ಒಂದೂ ತಪ್ಪಿಲ್ಲದ ದಿನ ನನಗ ಬಂದಿಲ್ಲ. ಖರೇ ಕ್ವಾಂಟಮ್ ಯಂತ್ರ ಅಂದ್ರ ಗಾಳಿ ಬೀಸಿದ್ರ ನಡುಗತೈತಿ, ಹತ್ತಕ್ಕ ಒಮ್ಮೆ ತಡವರಿಸತೈತಿ. ಇದು ಯಾವ ಪುಣ್ಯಾತ್ಮ ಯಂತ್ರ ತಂಗಿ?"

ನೀಲಾಂಬಿಕೆ ಕಂಬದ ಬುಡದಲ್ಲಿ ಕೂತು ಅತ್ತಳು. ಅಜ್ಜಾರು ಸಂತೈಸಲಿಲ್ಲ, ಗದರಲೂ ಇಲ್ಲ. ಅಳು ಮುಗಿಯುವವರೆಗೆ ಶಾಲಿನ ಸುಕ್ಕುಗಳನ್ನು ಕೈಯಿಂದ ಬಿಡಿಸುತ್ತಾ ಕೂತರು.

"ಜೋಡಿ ತೋರಿಸಿಬಿಟ್ಟೆನ್ರಿ ಅಜ್ಜಾರ" ಎಂದಳು ಕಡೆಗೆ.

ಆ ಮಾತು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ಗುರುಮನೆಯ ಬೀಗಕ್ಕೆ ಒಂದು ಸಂಖ್ಯೆ ಹಾಕಿದರೆ ಇನ್ನೊಂದು ಸಂಖ್ಯೆ ಹೊರಬರುತ್ತದೆ. ಹಾಗೆ ಹೊರಬರುವ ಪ್ರತಿ ಸಂಖ್ಯೆಗೂ ಒಂದು ಜೋಡಿ ಕೀಲಿಕೈ. ಎರಡರಲ್ಲಿ ಯಾವುದನ್ನು ಹಾಕಿದರೂ ಅದೇ ಸಂಖ್ಯೆ ಬರುತ್ತದೆ. ಸಾಮಾನ್ಯ ಯಂತ್ರದ ಕೈಗೆ ಹೆಚ್ಚೆಂದರೆ ಒಂದು ಕೀಲಿಕೈ ಸಿಕ್ಕೀತು. ಕ್ವಾಂಟಮ್ ಯಂತ್ರ ಮಾತ್ರ ಎರಡನ್ನೂ ಒಟ್ಟಿಗೇ ಹಿಡಿದು ಬೀಗಕ್ಕೆ ಹಾಕಬಲ್ಲದು.

ಯಂತ್ರ ಮೊದಲು ತನ್ನ ಸಂಖ್ಯೆಯನ್ನು ಒಪ್ಪಿಸಬೇಕು. ಆಮೇಲೆ ಪರೀಕ್ಷೆ ಮಾಡುವವರು ಎರಡರಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. 'ಒಂದು ಕೀಲಿಕೈ ಕೊಡು', ಇಲ್ಲವೇ 'ಎರಡು ಕೀಲಿಕೈಗಳ ನಡುವಿನ ನಂಟು ಹೇಳು'. ಯಾವುದು ಬರುತ್ತದೋ ಯಂತ್ರಕ್ಕೆ ಗೊತ್ತಿರುವುದಿಲ್ಲ. ಒಂದೇ ಕೀಲಿಕೈ ಸಿಕ್ಕ, ವೇಷ ಹಾಕಿಕೊಂಡ ಯಂತ್ರ ನಂಟು ಹೇಳಲಾಗದೆ ಇಲ್ಲಿ ಸಿಕ್ಕಿಬೀಳುತ್ತದೆ.

ಆದರೆ ಬೀಗದ ಗುಟ್ಟು ಗೊತ್ತಿದ್ದರೆ ಯಾವ ಹಳೆಯ ಯಂತ್ರವಾದರೂ ಎರಡಕ್ಕೂ ಉತ್ತರ ಹೇಳೀತು. ಆ ಗುಟ್ಟು ತಿಳಿಯಲು ಒಂದೇ ಒಂದು ಜೋಡಿ ಕಂಡರೆ ಸಾಕು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಲದೇ, ಹಾಗೆ.

"ಯಾಕ ತೋರಿಸಿದಿ?"

"ಮೊದಲ ದಿನ ಯಂತ್ರ ಭಾಳ ಎಡವ್ತುರಿ. ಖರೇ ಯಂತ್ರ ಎಡವಿದ್ದೋ, ಖೊಟ್ಟಿ ಯಂತ್ರ ಎಡವಿದ್ದೋ ಹೇಳಾಕ ಬರಲಾರದಷ್ಟು. ಸಂಜೀಗೆ ಗಲಗಲಿ ಸಾಹೇಬ್ರು ಬಂದ್ರು. ಬಿಳೀ ಗಡ್ಡದವರು, ನಾಡಿಗೇ ದೊಡ್ಡವರು. ನನ್ನ ಮುಂದ ಕೈ ಜೋಡಿಸಿ ನಿಂತ್ರುರಿ."

ಅವರು ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. 'ತಾಯೀ, ನಮ್ಮ ಯಂತ್ರ ಎಲ್ಲಿ ತಪ್ಪಿತು ಅಂತ ದಯವಿಟ್ಟು ತೋರಿಸಿಕೊಡಿ. ಅಜ್ಜಾರ ಶಿಷ್ಯರಿಂದ ಕಲಿಯೋ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ?'

"ನಾನು ಉಬ್ಬಿದೆನ್ರಿ. ಹಲಗಿ ಮ್ಯಾಲೆ ಎರಡೂ ಕೀಲಿಕೈ ಬರದೆ. ಇದಕ್ಕ ಇದು ಜೋಡಿ, ನಿಮ್ಮ ಯಂತ್ರ ಇಲ್ಲಿ ತಪ್ಪೇತಿ ನೋಡ್ರಿ ಅಂದೆ. ಅಲ್ಲಿದ್ದವರೆಲ್ಲಾ 'ಆಹಾ' ಅಂದ್ರು."

"ಆಮ್ಯಾಲೆ?"

"ಗಂಟು ಬಿಚ್ಚಬೇಕಂತ ಆವಾಗಲೇ ಅನಿಸ್ತುರಿ. ಹೊಸ ಬೀಗಕ್ಕ ದಿನಗಟ್ಟಲೆ ಹಿಡಿತೈತಿ. ಸಭಾಕ್ಕ ಮಂದೀನ್ನ ಕರೆದು ಆಗಿತ್ತು. ಅದಲ್ಲದ, 'ನಿಮಗ ಗುಟ್ಟು ಗೊತ್ತಾತು, ಇನ್ನ ನಿಮ್ಮನ್ನ ನಂಬಾಕ ಬರೂದಿಲ್ಲ' ಅಂತ ಅಂಥಾ ಹಿರಿಯರಿಗೆ ಮಾರಿ ಮ್ಯಾಲೆ ಹ್ಯಾಂಗ ಹೇಳ್ಲಿರಿ? ಕಳ್ಳ ಅಂದಂಗ ಆಗೂದಿಲ್ಲೇನ್ರಿ? ದಾಕ್ಷಿಣ್ಯ ಮಾಡಿದೆ. ಮರುದಿನ ಅದೇ ಬೀಗ ಇಟ್ಟೆ. ಯಂತ್ರ ಒಂದೂ ತಪ್ಪಲಿಲ್ಲ."

ಅಜ್ಜಾರು ಶಾಲನ್ನು ಮಡಿಸಿ ಪಕ್ಕಕ್ಕಿಟ್ಟರು.

"ಹಂಗಾರ ಯಂತ್ರ ಖೊಟ್ಟಿ ಐತೇನು?"

ನೀಲಾಂಬಿಕೆ ಯೋಚಿಸಿದಳು. ರಾತ್ರಿಯೆಲ್ಲಾ ಕೂತು ಅವರು ಯಂತ್ರವನ್ನು ರಿಪೇರಿ ಮಾಡಿದ್ದರೂ ಮಾಡಿರಬಹುದು.

"ಗೊತ್ತಿಲ್ರಿ."

"ಖರೇ ಐತೇನು?"

"ಗೊತ್ತಿಲ್ರಿ."

"ಸಭಾದಾಗ ಏನಂದಿ?"

"ಗೊತ್ತೈತಿ ಅಂದೆನ್ರಿ."

ಅಂದು ಆ ಸಭೆಯಲ್ಲಿ ಫಕೀರವ್ವ ಎಂಬ ಹೆಣ್ಣುಮಗಳಿದ್ದಳು. ಕಂಕುಳಲ್ಲಿ ಮಗು. ಮಗುವಿಗೆ ರಕ್ತದ ಕಾಯಿಲೆ. ಅಂಥ ಮಕ್ಕಳಿಗೆ ಔಷಧಿ ಹೇಗಿರಬೇಕೆಂದು ಗಲಗಲಿಯವರ ಯಂತ್ರ ಲೆಕ್ಕಹಾಕಿ ಕೊಡುವುದಿತ್ತು, ವೈದ್ಯರು ಅದರಂತೆ ಮಾಡಿ ಕೊಡುವುದಿತ್ತು. ಸಭೆ ಮುಗಿದ ಮೇಲೆ ಅವಳು ನೀಲಾಂಬಿಕೆಯ ಕಾಲು ಮುಟ್ಟಿ ನಮಸ್ಕರಿಸಿದಳು. 'ನನಗೇನೂ ತಿಳಿಯಂಗಿಲ್ರೀ ಅಕ್ಕಾರ. ನೀವು ಹೌದಂದ್ರಿ, ಅಷ್ಟು ಸಾಕು' ಎಂದಳು.

ಆಗ ನೀಲಾಂಬಿಕೆಯ ಹೆಗಲ ಮೇಲೆ ಶಾಲು ಇತ್ತು. ಬಸ್ಸು ಹತ್ತಿದ ಕೂಡಲೇ ಅದನ್ನು ಚೀಲದ ತಳಕ್ಕೆ ತುರುಕಿದ್ದಳು. ದಾರಿಯುದ್ದಕ್ಕೂ ಕಾಲಿನ ಮೇಲೆ ಆ ಹೆಣ್ಣುಮಗಳ ಕೈ ಇದ್ದಂತೆಯೇ ಇತ್ತು.

ಅದನ್ನೂ ಹೇಳಿದಳು. ಹೇಳಿ ಮುಗಿಸಿ ಮುಖ ಒರೆಸಿಕೊಂಡಳು.

"ಅಜ್ಜಾರ, ಒಂದು ಮಾತು ಕೇಳ್ಲೇನ್ರಿ?"

"ಕೇಳು."

"ಹೊಸ ಬೀಗ ಮಾಡ್ತೀನಿ. ಏನರೆ ನೆವ ಹೇಳಿ ಇನ್ನೊಮ್ಮೆ ಪರೀಕ್ಷಾ ಮಾಡ್ತೀನಿ. ಯಂತ್ರ ಪಾಸಾತಂದ್ರ ನಾ ಅಂದಿದ್ದು ಖರೇ ಆದಂಗಾತಲ್ರಿ. ಆವಾಗ ಇದನ್ನೆಲ್ಲಾ ಯಾರಿಗೂ ಹೇಳೂದು ಬೇಕಾಗಿಲ್ಲಲ್ರಿ?"

ಅಜ್ಜಾರು ಗಂಟಿನ ದಾರದ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು.

"ಗುಟ್ಟು ಇಟ್ಟುಕೊಳ್ಳೂದ ನಮ್ಮ ವಿದ್ಯಾ ಅಂತ ನೀವ ಕಲಿಸೀರಲ್ರಿ" ಎಂದಳು. ಹೇಳುವಾಗಲೇ ಧ್ವನಿ ಕೆಳಗಿಳಿಯಿತು.

"ಕಲಿಸೀನಿ" ಎಂದರು ಅಜ್ಜಾರು. "ನೀ ಮುಚ್ಚಿಡೂದನ್ನ ಹಲಗಿ ಮ್ಯಾಲೆ ಬರದಿ. ಹೇಳೂದನ್ನ ಈಗ ಮುಚ್ಚಿಡಾಕ ಹೊಂಟೀದಿ. ವಿದ್ಯಾ ತಲಿಕೆಳಗ ಆಗೇತಿ ತಂಗಿ. ಏಳು, ಊಟ ಮಾಡು."

ಬೆಳಿಗ್ಗೆ ಅಜ್ಜಾರು ಅವಳ ಹೆಗಲು ಹಿಡಿದು ಹೊಳೆಯ ಮೆಟ್ಟಿಲಿಗೆ ಬಂದರು.

"ಗಂಟು ಬಿಚ್ಚು."

ಅವಳು ಬಿಚ್ಚತೊಡಗಿದಳು. ತಾನೇ ಹಾಕಿದ ಗಂಟುಗಳು, ಗಟ್ಟಿಯಾಗಿ ಹಾಕಿದ್ದಳು. ಉಗುರು ನೊಂದವು. ಒಂದು ಗಂಟಂತೂ ಎಷ್ಟು ಮಾಡಿದರೂ ಬಿಡದು.

"ಕತ್ತರಿಸಲೇನ್ರಿ?"

"ಹಾಕುವಾಗ ಕತ್ತರಿ ಬಳಸಿದ್ದೇನು?"

ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನೇರವಾದ ದಾರವನ್ನು ನೀರಿಗೆ ಬಿಟ್ಟಳು. ಅದು ಮೆಟ್ಟಿಲ ಪಾಚಿಗೆ ಒಂದು ಕ್ಷಣ ತಗುಲಿಕೊಂಡು, ಬಿಡಿಸಿಕೊಂಡು ಹೋಯಿತು.

"ಈಗ ಪಟ್ಟಣಕ್ಕ ಹೋಗು" ಎಂದರು ಅಜ್ಜಾರು.

"ಯಾವ ಮಾರಿ ಇಟ್ಟುಕೊಂಡು ಹೋಗ್ಲಿರಿ?"

ಅಜ್ಜಾರು ಬಗಲಲ್ಲಿದ್ದ ಶಾಲನ್ನು ತೆಗೆದರು. ಸುಕ್ಕು ಒಂದೂ ಇರಲಿಲ್ಲ. ತಡಕಾಡಿ ಅವಳ ಹೆಗಲು ಹುಡುಕಿ ಹೊದಿಸಿದರು.

"ಇದನ್ನ ಹೊದ್ದುಕೊಂಡ ಹೋಗು. ಮಂದಿಗೆ ಗುರ್ತು ಸಿಗಬೇಕು."

ಬಸ್ಸಿನಲ್ಲಿ ಎಲ್ಲರೂ ಶಾಲನ್ನು ನೋಡಿದರು. ಒಬ್ಬ ಹಿರಿಯರು ಎದ್ದು ಜಾಗ ಬಿಟ್ಟುಕೊಟ್ಟರು. ಅವಳು ಕೂರಲಿಲ್ಲ.

ಪಟ್ಟಣದ ಆ ಸಭಾಂಗಣದಲ್ಲೇ ಅಂದು ಕಾಯಿಲೆಯ ಮಕ್ಕಳ ತಂದೆತಾಯಿಗಳನ್ನು ಕರೆಸಿದ್ದರು. ಗಲಗಲಿಯವರು ವೇದಿಕೆಯಿಂದಲೇ ಅವಳನ್ನು ಕಂಡರು. "ಬನ್ನಿ ತಾಯೀ, ಬನ್ನಿ! ನಿಮ್ಮಂಥವರು ಮತ್ತೆ ಬಂದದ್ದು ನಮ್ಮ ಪುಣ್ಯ."

ನೀಲಾಂಬಿಕೆ ವೇದಿಕೆ ಹತ್ತಿದಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲಾ ಮರೆತುಹೋದವು.

"ಈ ಯಂತ್ರ ಖರೇ ಅಂತ ನಾ ನಿಮಗ ಹೇಳಿದ್ದೆ" ಎಂದಳು. "ನನಗ ಗೊತ್ತಿರಲಿಲ್ಲ. ಬೀಗದ ಗುಟ್ಟನ್ನ ನಾನ ತೋರಿಸಿಕೊಟ್ಟು, ಅದೇ ಬೀಗ ಇಟ್ಟು ಪರೀಕ್ಷಾ ಮಾಡಿದೆ. ಹೊಗಳಿಸಿಕೊಳ್ಳಾಕ ತೋರಿಸಿದೆ. ಆ ಪರೀಕ್ಷಾ ಪರೀಕ್ಷಾನೇ ಅಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಗಲಗಲಿಯವರ ಮುಖ ಕೆಂಪಾಯಿತು.

"ಅಂದರೆ ನಾನು ಮೋಸ ಮಾಡಿದೆ ಅಂತೀರಾ?"

"ಇಲ್ರಿ ಸಾಹೇಬ್ರ. ನೀವು ಮೋಸ ಮಾಡೀರೋ ಇಲ್ಲೋ ನನಗ ತಿಳಿಯಂಗಿಲ್ಲ. ನೀವು ಮಾಡಿರದಿದ್ರ ಅದನ್ನ ತೋರಿಸೋ ದಾರೀನೂ ನಾನ ಮುಚ್ಚಿಬಿಟ್ಟೆ. ನಿಮಗೂ ಅನ್ಯಾಯ ಮಾಡೀನಿ."

ಮುಂದಿನ ಸಾಲಿನಲ್ಲಿ ಫಕೀರವ್ವ ಕೂತಿದ್ದಳು. ನೀಲಾಂಬಿಕೆ ಕೆಳಗಿಳಿದು ಅವಳ ಮುಂದೆ ನಿಂತಳು. ಏನೋ ಹೇಳಬೇಕೆಂದು ಕೈ ಚಾಚಿದಳು. ಫಕೀರವ್ವ ಮಗುವನ್ನು ಎತ್ತಿಕೊಂಡು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ನಾ ನಿಮ್ಮ ಕಾಲು ಮುಟ್ಟಿದ್ದೆರಿ" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಹೋದವರಿಗಷ್ಟೇ ಅದರ ಭಾರ ಗೊತ್ತು. ನೀಲಾಂಬಿಕೆ ಶಾಲನ್ನು ಮಡಿಸಿ ವೇದಿಕೆಯ ಮೇಲಿಟ್ಟು ಹೊರಟಳು.

ಬಾಗಿಲ ಹತ್ತಿರ ಗಲಗಲಿಯವರು ಹಿಂದಿನಿಂದ ಬಂದು ನಿಂತರು. ಈಗ ತಾಯೀ ಎನ್ನಲಿಲ್ಲ.

"ಔಷಧಿಯ ಲೆಕ್ಕ ಶುರುಮಾಡೋದನ್ನು ನಿಲ್ಲಿಸಿದ್ದೇನೆ. ಇನ್ನೊಂದು ಪರೀಕ್ಷೆ ಆಗಲಿ. ಆದರೆ ನೀವು ಬೇಡ. ನಿಮ್ಮ ಗುರುಗಳಿಗೆ ಹೇಳಿ, ಸರಿಯಾದವರನ್ನ ಕಳಿಸಲಿ."

"ಹೇಳ್ತೀನ್ರಿ" ಎಂದಳು.

ಗುರುಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಅಜ್ಜಾರು ಅದೇ ಕಂಬಕ್ಕೆ ಒರಗಿದ್ದರು.

"ಯಾರು, ನೀಲವ್ವನ?"

"ಹೌದ್ರಿ."

"ಕಾಲು ಜೋಮು ಹೋತೇನು?"

"ಜೋಮು ಹಿಡಿದಿರಲಿಲ್ರಿ ಅಜ್ಜಾರ. ನಿನ್ನೆ ಸುಳ್ಳು ಹೇಳಿದ್ದೆ."

"ಗೊತ್ತು. ಏನಂದ್ರು ಮಂದಿ?"

ಅವಳು ಎಲ್ಲವನ್ನೂ ಹೇಳಿದಳು. ಫಕೀರವ್ವ ಅಂದದ್ದನ್ನೂ ಬಿಡದೆ ಹೇಳಿದಳು. ಗಲಗಲಿಯವರು ಅಂದದ್ದನ್ನೂ ಇದ್ದ ಹಾಗೆಯೇ ಒಪ್ಪಿಸಿದಳು.

"ಅವರು ಅಂದಿದ್ದು ಸರಿ ಐತ್ರಿ. ಬ್ಯಾರೆ ಯಾರನ್ನರೆ ಕಳಿಸ್ರಿ. ಆ ಊರಾಗ ನನ್ನ ಮಾತಿಗೆ ಕಿಮ್ಮತ್ತಿಲ್ಲ. ಆ ತಾಯಿ ಮುಂದ ನಿಲ್ಲಾಕ ನನಗ ನಾಚಿಕಿ ಆಗ್ತೈತಿ."

"ಭಾಳ ನಾಚಿಕಿ ಆಗ್ತೈತೇನು?"

"ಸಾಯೂವಷ್ಟು ಆಗ್ತೈತ್ರಿ."

"ಆ ಯಂತ್ರ ಖರೇ ಐತೇನು?"

"ಗೊತ್ತಿಲ್ರಿ ಅಜ್ಜಾರ."

ಅಜ್ಜಾರು ಮೊಣಕಾಲ ಮೇಲಿದ್ದ ಖಾಲಿ ದಾರವನ್ನು ತೆಗೆದರು. ಅವಳು ಪಟ್ಟಣಕ್ಕೆ ಒಯ್ದು ಹಾಗೆಯೇ ತಂದಿದ್ದ ಅದೇ ದಾರ. ಅವಳ ಅಂಗೈ ಹುಡುಕಿ ಅದರೊಳಗಿಟ್ಟು, ಬೆರಳುಗಳನ್ನು ಮಡಚಿದರು.

ನೀಲಾಂಬಿಕೆಗೆ ತಿಳಿಯಲಿಲ್ಲ. "ಯಾರಿಗೆ ಕೊಡ್ಲಿರಿ ಇದನ್ನ? ಗಂಟು ಹಾಕುವವರು ಯಾರ್ರಿ?"

ಅಜ್ಜಾರು ಗೋಡೆಯ ಕಡೆಗೆ ತಿರುಗಿ, ಎರಡೂ ಕೈಗಳನ್ನು ಹೊದ್ದ ಪಂಚೆಯೊಳಗೆ ಎಳೆದುಕೊಂಡು ಕೂತರು.

"ನೀನ ಹಾಕು, ನೀನ ಹೋಗು ತಂಗಿ. ಗೊತ್ತಿಲ್ಲ ಅನ್ನೂದು ಈಗ ನಿನಗ ಬರತೈತಿ. ಈ ಸಲ ನನ್ನ ಕೈಗೂ ಕೊಡಬ್ಯಾಡ."